ನೀಲಿ ಚೀಲದ ಸರದಿ

ಮಾರ್ಚ್ 4, ಮಂಗಳವಾರ

ಇದು ನನ್ನ ಅಳತೆ ಪುಸ್ತಕ. ಮೊದಲರ್ಧದಲ್ಲಿ ಗಿರಾಕಿಗಳ ಎದೆ, ಸೊಂಟ, ತೋಳು ಇವೆ. ಜನವರಿಯಿಂದ ಒಂದೂ ಹೊಸ ಅಳತೆ ಬರೆದಿಲ್ಲ. ಹೊಲಿಗೆ ಮಿಷನ್ನಿನ ಮೇಲೆ ಹೊದಿಸಿದ ಬಟ್ಟೆ ಹಾಗೇ ಇದೆ. ಉಳಿದ ಹಾಳೆಗಳಲ್ಲಿ ಏನಾದರೂ ಬರೆದುಕೊಳ್ಳೋಣ ಎನ್ನಿಸಿತು. ಮೊದಲೆಲ್ಲ ಯಾರನ್ನಾದರೂ ಬೈಯಬೇಕೆನಿಸಿದರೆ ತಂಗಿಯ ಮುಂದೆ ಬೈದು ಹಗುರಾಗುತ್ತಿದ್ದೆ. ಈಗ ಅವಳಿಲ್ಲ. ಬೈಗುಳ ಮಾತ್ರ ಹಾಗೇ ಉಳಿದಿದೆ.

ಇವತ್ತಿನ ಬೈಗುಳ ಹೊಸ ಮೇಡಮ್ಮಿಗೆ. ಬೀದಿಯ ಕೊನೆಯ ಹಳೇ ಗೋದಾಮಿನಲ್ಲಿ ಮಂಗಳವಾರ, ಶುಕ್ರವಾರ ಆಹಾರ ಹಂಚುತ್ತಾರೆ. ಮಾರುಕಟ್ಟೆಯಲ್ಲಿ ಉಳಿದ ತರಕಾರಿ, ಅವಧಿ ಮುಗಿಯಲು ಒಂದು ದಿನ ಇರುವ ಬ್ರೆಡ್ಡು, ಹಾಲಿನ ಪ್ಯಾಕೆಟ್ಟು. ಹಂಚುವ ಸಂಸ್ಥೆಗೆ ಈ ತಿಂಗಳಿಂದ ಇವಳೇ ಮುಖ್ಯಸ್ಥೆ. ಹಂಚಿಕೆ ಮುಗಿದ ಮೇಲೆ ಎಲ್ಲರೂ ಇರಬೇಕೆಂದು ಹೇಳಿಕಳಿಸಿದಳು. ಹೋದರೆ ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತರಿಸಿ ತಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಯಾರೂ ಯಾರಿಗಿಂತ ಎತ್ತರದಲ್ಲಿ ಇರಬಾರದಂತೆ. ಅವಳು ನೆಲದಲ್ಲಿ ಕೂತ ಮೇಲೆ ನಾವು ಕುರ್ಚಿ ಎಳೆದುಕೊಳ್ಳುವುದು ಹೇಗೆ? ನಲವತ್ತು ಜನ ಮಂಡಿ ಹಿಡಿದುಕೊಂಡು, ಉಸ್ಸೆನ್ನುತ್ತ ಇಳಿದೆವು.

ಮೈಕಜ್ಜಿ ಮಾತ್ರ ನಿಂತೇ ಇದ್ದಳು. ಅವಳು ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳುತ್ತದೆ, ಅದಕ್ಕೇ ಆ ಹೆಸರು.

"ಕೂತ್ಕೊಳಿ ಅಮ್ಮ," ಎಂದಳು ಮೇಡಂ.

"ಕೂರೋದು ದೊಡ್ಡದಲ್ಲ ತಾಯಿ. ಆಮೇಲೆ ಎಬ್ಬಿಸೋಕೆ ಕ್ರೇನ್ ತರಿಸ್ತೀರಾ?"

ಮೇಡಂ ನಕ್ಕಳು. ಆಮೇಲೆ ಎದೆಯ ಮೇಲೆ ಕೈಯಿಟ್ಟು ಹೇಳಿದಳು: "ನನಗೆ ಹುಟ್ತಾನೇ ಎಲ್ಲಾ ಅನುಕೂಲ ಸಿಕ್ಕಿದೆ. ಅದನ್ನ ನಿಮ್ಮೆದುರಿಗೆ ಒಪ್ಕೊಳ್ತೀನಿ. ನಾನು ನಿಮ್ಮ ಮುಂದೆ ನಿಲ್ಲೋಕೆ ಬಂದಿಲ್ಲ, ನಿಮ್ಮ ಜೊತೆ ನಿಲ್ಲೋಕೆ ಬಂದಿದೀನಿ."

"ಹಾಗಾದ್ರೆ ಬೆಳಿಗ್ಗೆ ಆರಕ್ಕೆ ಬನ್ನಿ," ಎಂದಳು ಮೈಕಜ್ಜಿ. "ಸಾಲಿನ ಕೊನೇಲಿ ಜಾಗ ಇರುತ್ತೆ."

ಎಲ್ಲರೂ ನಕ್ಕರು. ಮೇಡಮ್ಮೂ ನಕ್ಕಳು. ಅವಳಿಗೆ ಅದು ತಮಾಷೆ ಅನ್ನಿಸಿತು.

ಮಾರ್ಚ್ 7, ಶುಕ್ರವಾರ

ತಂಗಿ ಹೋಗಿ ಏಳು ವಾರ. ಅವಳ ಚೀಲ ಇನ್ನೂ ಸಾಲಿನಲ್ಲಿದೆ.

ಹತ್ತು ಗಂಟೆಗೆ ಗೋದಾಮಿನ ಷಟರ್ ಏಳುತ್ತದೆ, ಸಾಲು ಆರಕ್ಕೇ ಶುರು. ಕೆಲಸಕ್ಕೆ ಹೋಗುವವರು ನಾಲ್ಕು ಗಂಟೆ ನಿಂತಿರಲು ಆಗುವುದಿಲ್ಲ. ಅದಕ್ಕೆ ಅವರ ಬದಲು ಅವರ ಚೀಲ ನಿಲ್ಲುತ್ತದೆ. ಗಾಳಿಗೆ ಹಾರದಿರಲೆಂದು ಒಳಗೊಂದು ಕಲ್ಲು. ಸಾಲು ಮುಂದೆ ಸರಿದಾಗ ಹಿಂದೆ ನಿಂತವರು ಮುಂದಿನ ಚೀಲವನ್ನು ಕಾಲಿನಿಂದ ಒಂದು ಹೆಜ್ಜೆ ತಳ್ಳುತ್ತಾರೆ. ಮೇಜಿನ ಹತ್ತಿರ ಬಂದಾಗ ಅವರೇ ಅದರ ಬಾಯಿ ಬಿಡಿಸಿ ಹಿಡಿದು ತುಂಬಿಸಿ ಗೋಡೆಬದಿಗೆ ಇಡುತ್ತಾರೆ. ನಾಲ್ಕು ಗಂಟೆಗೆ ಒಡೆಯರು ಬಂದು ಒಯ್ಯುತ್ತಾರೆ. ಇದನ್ನು ಯಾರು ಶುರುಮಾಡಿದರೋ ಗೊತ್ತಿಲ್ಲ. ಒಂದು ದಿನವೂ ಒಂದು ಆಲೂಗಡ್ಡೆ ಆಚೀಚೆ ಆಗಿಲ್ಲ.

ಅರ್ಧಕ್ಕರ್ಧ ಚೀಲ ನಾನೇ ಹೊಲಿದದ್ದು. ಪರದೆಯದು, ಪ್ಯಾಂಟಿನದು, ಹಿಟ್ಟಿನ ಮೂಟೆಯದು. ತಂಗಿಯದು ಗಾಢ ನೀಲಿ. ನನ್ನ ಶಾಲೆಯ ಲಂಗ ಅದು. ಏಳನೆಯ ಕ್ಲಾಸಿಗೆ ನಾನು ಶಾಲೆ ಬಿಟ್ಟಾಗ ಅವಳಿಗೆ ಹೋಯಿತು, ಅವಳು ಬಿಟ್ಟಾಗ ಚೀಲವಾಯಿತು. ಒಂದು ಮಗ್ಗುಲಲ್ಲಿ ಈಗಲೂ ನೆರಿಗೆ ಕಾಣುತ್ತದೆ. ನೀಲಿ ದಾರ ಮುಗಿದು ಹಿಡಿಗಳನ್ನು ಕೆಂಪು ದಾರದಲ್ಲಿ ಹೊಲಿದೆ. ಅಳತೆ ನೋಡದೆ ನನ್ನ ಎತ್ತರಕ್ಕೆ ಕತ್ತರಿಸಿಬಿಟ್ಟಿದ್ದೆ. ಅವಳು ನನ್ನ ಭುಜಕ್ಕೆ ಬರುತ್ತಿದ್ದವಳು.

"ಅಕ್ಕಾ, ಇದೇನು ಚೀಲಾನೋ ಪೊರಕೆನೋ? ದಾರಿಯಿಡೀ ಗುಡಿಸ್ಕೊಂಡು ಬಂದೆ."

"ನಾಳೆ ಕತ್ತರಿಸಿ ಕೊಡ್ತೀನಿ ಬಿಡೇ."

ನಾಲ್ಕು ವರ್ಷ ಹೀಗೇ ಹೇಳಿದೆ. ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು, ಬೆಳಗಿನ ಪಾಳಿ. ಅವಳ ಚೀಲ ನನ್ನ ಮುಂದೆ ಇರುತ್ತಿತ್ತು, ನಾನು ತಳ್ಳುತ್ತಿದ್ದೆ. ಒಳಗೆ ಕಲ್ಲಿನ ಬದಲು ಕೀಲಿ ಕಳೆದುಹೋದ ಒಂದು ಹಿತ್ತಾಳೆ ಬೀಗ.

ಇವತ್ತೂ ತಳ್ಳಿದೆ. ಬೀಗ ನೆಲಕ್ಕೆ ಉಜ್ಜಿ ಸದ್ದಾಗುತ್ತದೆ. ಅವಳಿಲ್ಲವೆಂದು ಸಾಲಿಗೆಲ್ಲ ಗೊತ್ತು. ಯಾರೂ ತುಟಿ ಬಿಚ್ಚಿಲ್ಲ.

ಮಾರ್ಚ್ 9, ಭಾನುವಾರ

ಅವಳ ಪಾಲನ್ನು ಅವಳ ಬುಟ್ಟಿಯಲ್ಲೇ ಇಡುತ್ತೇನೆ. ನನ್ನದು ನನ್ನದರಲ್ಲಿ. ಅವಳದರಿಂದ ತೆಗೆದು ಬೇಯಿಸಲು ಕೈ ಬರುವುದಿಲ್ಲ. ಇವತ್ತು ಬುಟ್ಟಿ ವಾಸನೆ ಹೊಡೆಯಿತು. ಆಲೂಗಡ್ಡೆ ಮೊಳಕೆ ಬಂದಿದೆ, ಬ್ರೆಡ್ಡಿಗೆ ಹಸಿರು ಹಿಡಿದಿದೆ. ಕವರಿನಲ್ಲಿ ಕಟ್ಟಿ ಬೀದಿ ತುದಿಯ ಕಸದ ತೊಟ್ಟಿಗೆ ಹಾಕಿ ಬಂದೆ. ಹೋಟೆಲಿನ ಹಿಂಬಾಗಿಲಲ್ಲಿ ಪಾತ್ರೆ ತೊಳೆಯುವ ಒಬ್ಬ ಹುಡುಗಿ, ಸೊಂಟದಲ್ಲಿ ಕೂಸು, ನನ್ನನ್ನೇ ನೋಡುತ್ತಿದ್ದಳು. ನೋಡಿಕೊಳ್ಳಲಿ.

ಮಾರ್ಚ್ 11, ಮಂಗಳವಾರ

ಮೇಡಂ ಇವತ್ತು ಒಂಬತ್ತಕ್ಕೇ ಬಂದಳು. ಚೀಲಗಳ ಸಾಲು ನೋಡಿ ಅವಳ ಕಣ್ಣು ತುಂಬಿತು. ಬಗ್ಗಿ ಬಗ್ಗಿ ಫೋಟೊ ತೆಗೆದಳು.

"ಹರಿದ ಚೀಲಗಳು, ಒಳಗೆ ಕಲ್ಲು. ಜನ ಈ ಧೂಳಲ್ಲಿ ತಮ್ಮ ಮರ್ಯಾದೆ ಇಟ್ಟು ಹೋಗ್ತಿದಾರೆ. ನೋಡೋಕಾಗ್ತಿಲ್ಲ ನನಗೆ."

ನೋಡೋಕಾಗದಿದ್ದರೆ ಆ ಕಡೆ ತಿರುಗು. ಅವಳು ತೋರಿಸಿದ ಹರಿದ ಚೀಲ ನಾನು ಮೂರು ಸಲ ತೇಪೆ ಹಾಕಿದ್ದು, ಒಂದೊಂದು ಹೊಲಿಗೆಯೂ ಗಟ್ಟಿ ಇದೆ. ಹೇಳಲಿಲ್ಲ. ನನಗೆ ಮಾತು ಬೇಗ ಬರುವುದಿಲ್ಲ. ಬರುವಷ್ಟರಲ್ಲಿ ಜನ ಹೋಗಿರುತ್ತಾರೆ.

ಆಮೇಲೆ ನನ್ನನ್ನು ಒಳಗೆ ಕರೆದಳು. ಬೀದಿಯವರೇ ಒಬ್ಬರು ಮೇಜಿನ ಮುಂದೆ ಕೂತು ಪಟ್ಟಿ ನೋಡಿಕೊಳ್ಳಬೇಕಂತೆ. "ನೀವು ಹೆಚ್ಚು ಮಾತಾಡಲ್ಲ ಅಕ್ಕ, ಆದ್ರೆ ನಿಮ್ಮ ಮುಖದಲ್ಲಿ ಎಲ್ಲಾ ಇದೆ." ಏನಿದೆಯೋ. ಅರವತ್ತು ಗೆರೆ ಎಳೆದ ಕಾಗದ ಕೊಟ್ಟಳು. ಸಂಸ್ಥೆಗೆ ಬರುವುದು ಅರವತ್ತು ಪಾಲು, ಅದಕ್ಕೇ ಅರವತ್ತು ಹೆಸರು.

ಬೇಡವೆನ್ನಬೇಕು ಅಂದುಕೊಂಡೆ. ಆದರೆ ಬೇರೆಯವರು ಬರೆದರೆ ಹನ್ನೆರಡನೆಯ ಚೀಲ ಯಾರದು ಅಂತ ಕೇಳುತ್ತಾರೆ. ಕಾಗದ ಮನೆಗೆ ತಂದೆ. ಹದಿಮೂರರಲ್ಲಿ ನನ್ನ ಹೆಸರು. ಹನ್ನೆರಡರಲ್ಲಿ ಅವಳದು. ಅಕ್ಷರ ದುಂಡಗೆ ಬಂತು.

ಮಾರ್ಚ್ 14, ಶುಕ್ರವಾರ

ಮೇಜಿನ ಹಿಂದೆ ಕೂತೆ. ಅಲ್ಲಿಂದ ನೋಡಿದರೆ ಸಾಲು ಬೇರೆ ಥರ ಕಾಣುತ್ತದೆ. ಬರೀ ಕೈಗಳು.

ನೀಲಿ ಚೀಲವನ್ನು ಇವತ್ತು ತಳ್ಳಿದ್ದು ಮೈಕಜ್ಜಿ. ಮೇಜಿನ ಹತ್ತಿರ ಬಂದಾಗ ಅವಳೇ ಬಾಯಿ ಬಿಡಿಸಿ ಹಿಡಿದಳು. ನಾನು ಹನ್ನೆರಡರ ಮುಂದೆ ಗುರುತು ಹಾಕಿದೆ. ನಾನು ಅವಳ ಮುಖ ನೋಡಲಿಲ್ಲ, ಅವಳು ನನ್ನ ಮುಖ ನೋಡಲಿಲ್ಲ.

ಕೊನೆಯಲ್ಲಿ ಆ ಹೋಟೆಲ್ ಹುಡುಗಿ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು.

"ಪಟ್ಟಿಯಲ್ಲಿ ಇದೀಯಾ?" ಎಂದೆ.

"ನಾನು ಹೊಸಬಳು ಅಕ್ಕ. ಬಂದು ಒಂದು ತಿಂಗಳಾಯ್ತು. ಪಟ್ಟಿ ಅಂದ್ರೆ?"

"ಅರವತ್ತು ಮುಗೀತು. ಮುಂದಿನ ತಿಂಗಳು ಬಾ."

"ಇದಕ್ಕಾದ್ರೂ ಒಂದು ಹಾಲು?" ಕೂಸನ್ನು ಎತ್ತಿ ತೋರಿಸಿದಳು. ಕೂಸಿಗೆ ಮೂಗು ಸುರಿಯುತ್ತಿತ್ತು.

"ನಿನಗೊಬ್ಬಳಿಗೆ ಕೊಟ್ರೆ ನಾಳೆ ಹತ್ತು ಜನ ಬರ್ತಾರೆ," ಎಂದೆ. ಈ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ, ಬೇಗ ಬಂತು.

ಮಾರ್ಚ್ 18, ಮಂಗಳವಾರ

ಕುರ್ಚಿ ಗಟ್ಟಿ, ಮನೆಯಿಂದ ದಿಂಬು ಒಯ್ದೆ. ಪಕ್ಕದ ಬಾಗಿಲಿನಿಂದ ಹೋಗುತ್ತೇನೆ ಈಗ, ಸಾಲಿನವರನ್ನು ದಾಟಿಕೊಂಡು ಹೋಗುವ ತಾಪತ್ರಯವಿಲ್ಲ. ಒಂಬತ್ತಕ್ಕೆ ಟೀ ಕೊಡುತ್ತಾರೆ. ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ, ನೂಕುವುದು ಬಿಡುವುದಿಲ್ಲ. ಹೆಸರು ಕರೆಯುವ ತನಕ ಗೆರೆಯ ಆಚೆ ನಿಲ್ಲಿ ಎಂದರೆ ಮೈಕಜ್ಜಿ, "ಟೈಲರಮ್ಮ, ನಿನ್ನ ಕುರ್ಚಿ ದಿನಾ ಒಂದಿಂಚು ಬೆಳೀತಿದೆಯೇನೇ?" ಎಂದಳು.

ಮುದುಕಿಗೆ ಬಾಯಿ ಜಾಸ್ತಿ.

ಆ ಹುಡುಗಿ ಮತ್ತೆ ಬಂದಿದ್ದಳು. ಮತ್ತೆ ಇಲ್ಲ ಎಂದೆ.

ಮಾರ್ಚ್ 21, ಶುಕ್ರವಾರ

ಪೆನ್ನು ಒತ್ತಿ ಹಾಳೆ ಹರಿಯಿತು. ಸಿಟ್ಟಿಗೆ.

ಒಂಬತ್ತು ಗಂಟೆಗೆ ವ್ಯಾನು ಬಂತು. ಒಳಗಿಂದ ಹೊಸ ಚೀಲಗಳ ಕಟ್ಟು ಇಳಿಸಿದರು. ದಪ್ಪ ಬಟ್ಟೆ, ತಿಳಿ ಹಳದಿ, ಮೇಲೆ ಸಂಸ್ಥೆಯ ಗುರುತು. ಅರವತ್ತೂ ಒಂದೇ ಥರ. ಯಾರ ಚೀಲ ಹರಿದಿದೆ, ಯಾರದು ಚೆನ್ನಾಗಿದೆ ಎಂಬ ಭೇದ ಇರಬಾರದಂತೆ. ಸಂಸ್ಥೆಯವರು ನಾಲ್ಕು ಜನ ಸಾಲಿನುದ್ದಕ್ಕೂ ಬಗ್ಗಿ, ಹಳೆ ಚೀಲ ಎತ್ತಿ ಆ ಜಾಗದಲ್ಲಿ ಹೊಸದು ಇಟ್ಟರು. ಒಳಗಿನ ಕಲ್ಲನ್ನೂ ಮರೆಯದೆ ಹೊಸದಕ್ಕೆ ಹಾಕಿದರು. ಅಷ್ಟು ಕಾಳಜಿ! ಹಳೆಯವೆಲ್ಲ ವ್ಯಾನಿಗೆ ಹೋದವು. ನಾನು ಒಳಗೆ ಟೀ ಕುಡಿಯುತ್ತಿದ್ದೆ. ಹೊರಗೆ ಬಂದಾಗ ವ್ಯಾನು ತಿರುವು ದಾಟಿತ್ತು.

ಸಾಲಿನಲ್ಲಿ ಅರವತ್ತು ಹಳದಿ ಚೀಲ. ಯಾರದು ಯಾವುದು?

ಹತ್ತು ಗಂಟೆಗೆ ಶುರುವಾಯಿತು. ಇದು ನಮ್ಮ ಪಕ್ಕದ ಮನೆಯವರದು, ಅಲ್ಲ ನನ್ನ ಅತ್ತಿಗೇದು, ನೀನು ಹಿಂದೆ ಇದ್ದೆ, ನೀನು ಸುಳ್ಳು. ಯಾರ ಮುಂದಿನ ಚೀಲ ತಳ್ಳಬೇಕು ಅಂತ ತಿಳಿಯದೆ ಪ್ರತಿಯೊಬ್ಬರೂ ತಮ್ಮದನ್ನೇ ತಬ್ಬಿಕೊಂಡು ನಿಂತರು. ಕೆಲಸಕ್ಕೆ ಹೋದವರ ಚೀಲಗಳು ಬೀದಿಯಲ್ಲೇ ಅನಾಥವಾಗಿ ಕೂತವು. ನಾಲ್ಕು ಗಂಟೆಗೆ ಒಡೆಯರು ಬಂದಾಗ ಇನ್ನೊಂದು ರಾದ್ಧಾಂತ. ಇಷ್ಟು ವರ್ಷದಲ್ಲಿ ಮೊದಲ ಸಲ ಕೈ ಕೈ ಮಿಲಾಯಿಸಿದರು.

ಮೈಕಜ್ಜಿ ಹಳದಿ ಚೀಲಗಳ ಬಾಯಿಗೆ ಒಂದೊಂದಾಗಿ ಕೈ ಹಾಕಿ ತಡವಿ, ತನ್ನ ಮುರಿದ ಕುಟ್ಟಾಣಿಯ ತುಂಡು ಸಿಕ್ಕಿದ್ದೇ, "ಇದು ನಂದು!" ಎಂದು ಕೂಗಿದಳು. ನಾನೂ ಹಾಗೇ ಹುಡುಕಿದೆ. ಇಪ್ಪತ್ತಮೂರನೆಯದರಲ್ಲಿ ಬೀಗ ಸಿಕ್ಕಿತು.

ಬೀಗ ಇದೆ. ಚೀಲ ಇಲ್ಲ.

ಮೇಡಮ್ಮನ್ನು ಕೇಳಿದೆ, ಹಳೆಯವು ಎಲ್ಲಿ ಹೋದವು ಅಂತ. "ಚಿಂತೆ ಮಾಡ್ಬೇಡಿ ಅಕ್ಕ, ಅವಕ್ಕೆ ಒಳ್ಳೇ ಗೌರವ ಸಿಗುತ್ತೆ," ಎಂದಳು. ನನ್ನ ಭುಜ ಮುಟ್ಟಿದಳು. ಆ ಭುಜ ಇನ್ನೂ ಉರಿಯುತ್ತಿದೆ.

ಮಾರ್ಚ್ 25, ಮಂಗಳವಾರ

ಚೀಲವಿಲ್ಲದಿದ್ದರೂ ಪಟ್ಟಿಯಲ್ಲಿ ಹೆಸರಿತ್ತು. ಈಗ ಹೆಸರು ಕರೆದೇ ಕೊಡುವುದು. ಹನ್ನೊಂದು ಮುಗಿಸಿ ಹನ್ನೆರಡಕ್ಕೆ ಬಂದೆ. ಗುರುತು ಹಾಕಿ, ಹಳದಿ ಚೀಲಕ್ಕೆ ನಾನೇ ತುಂಬಿಸತೊಡಗಿದೆ. ಆಲೂಗಡ್ಡೆ, ಬೀನ್ಸು, ಬ್ರೆಡ್ಡು, ಎರಡು ಹಾಲು. ಆ ಹುಡುಗಿ ಇವತ್ತು ಕೊನೆಯಲ್ಲಿ ನಿಂತಿರಲಿಲ್ಲ. ಸೀದಾ ಮೇಜಿನ ಮುಂದೆ ಬಂದಳು.

"ಇದು ಯಾರ ಪಾಲು?" ಎಂದಳು.

"ಪಟ್ಟಿಯವರದ್ದು."

"ಎಲ್ಲಿ, ಕರೀರಿ ನೋಡೋಣ ಅವರನ್ನ."

ನಾನು ಚೀಲದ ಬಾಯಿ ಮಡಿಚಿದೆ.

"ಕರೆದ್ರೆ ಬರಲ್ಲ ಅಲ್ವಾ? ನನಗೆ ಗೊತ್ತು ಎಲ್ಲಿ ಹೋಗುತ್ತೆ ಇದು. ಎರಡು ಭಾನುವಾರ ನೋಡಿದೀನಿ, ಈ ತಾಯಿ ಇಡೀ ಬ್ರೆಡ್ ತಂದು ತೊಟ್ಟಿಗೆ ಹಾಕೋದನ್ನ. ಸತ್ತೋರಿಗೆ ಇಲ್ಲಿ ಪಾಲಿದೆ. ಉಸಿರಾಡ್ತಿರೋ ನನ್ನ ಕೂಸಿಗೆ ಮುಂದಿನ ತಿಂಗಳು ಬಾ ಅಂತಾರೆ. ತೂ!"

ಅಷ್ಟೂ ಜನ ನನ್ನತ್ತ ತಿರುಗಿದರು. ಮೈಕಜ್ಜಿಯೂ ಸುಮ್ಮನೆ. ಅವಳು ಸುಮ್ಮನಿದ್ದದ್ದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಹೊಸದಾಗಿ ಬಂದವಳು, ಯಾರೋ ಏನೋ, ಅವಳಿಗೇನು ಗೊತ್ತು? ಜ್ವರವಿಟ್ಟುಕೊಂಡೇ ಆಸ್ಪತ್ರೆಯ ಬಟ್ಟೆ ಒಗೆದು ಬಂದ ತಂಗಿ, "ಅಕ್ಕಾ ಯಾಕೋ ನಿಲ್ಲೋಕಾಗ್ತಿಲ್ಲ, ಡಾಕ್ಟರಿಗೆ ತೋರಿಸೋಣ್ವಾ" ಎಂದಾಗ, ಕೈಯಲ್ಲಿ ತುರ್ತಿನ ಬ್ಲೌಸು ಹಿಡಿದಿದ್ದವಳು ನಾನು. ನಾಳೆ ಹೋಗೋಣ ಎಂದವಳು ನಾನು. ಅದನ್ನು ಈ ಪಾತ್ರೆಯವಳ ಮುಂದೆ ಹೇಳಬೇಕೇ?

ಪಕ್ಕದ ಬಾಗಿಲಿನಿಂದ ಮನೆಗೆ ಬಂದೆ. ದಿಂಬು ಅಲ್ಲೇ ಉಳಿಯಿತು.

ಮಾರ್ಚ್ 26, ಬುಧವಾರ

ಬೆಳಿಗ್ಗೆ ಹನ್ನೊಂದಕ್ಕೆ ಮೇಡಂ ಮನೆಗೇ ಬಂದಳು. ಬಂದವಳು ನೆಲದ ಮೇಲೆ ಕೂತಳು. ನಮ್ಮ ಮನೆಯಲ್ಲಿ ಕುರ್ಚಿ ಇದೆ. ಎರಡಿವೆ.

ಬೈಯುತ್ತಾಳೆ, ಪಟ್ಟಿ ವಾಪಸು ಕೇಳುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನೀವು ಮಾಡಿದ್ದು ತಪ್ಪಲ್ಲ ಅಕ್ಕ," ಎಂದಳು. "ದುಃಖಕ್ಕೂ ಒಂದು ಪಾಲು ಬೇಕು. ನಿಮ್ಮ ತಂಗಿ ಹೆಸರು ಹಾಗೇ ಇರ್ಲಿ, ನಾನು ನೋಡ್ಕೊಳ್ತೀನಿ."

"ಆ ಹುಡುಗಿಗೆ?"

"ಅವಳಿಗೆ ಮುಂದಿನ ತಿಂಗಳು ಏನಾದ್ರೂ ಮಾಡೋಣ."

ಆಗ ನನ್ನೊಳಗೆ ಏನೋ ತಣ್ಣಗಾಯಿತು. ಇವಳು ನನ್ನನ್ನು ಕ್ಷಮಿಸಿದಳು, ಸರಿ. ಯಾರ ಹಾಲಿನಿಂದ ಕ್ಷಮಿಸಿದಳು? ಇವಳ ಮನೆಯ ಹಾಲಂತೂ ಅಲ್ಲ. ಕೊಡುವುದು, ಬಿಡುವುದು, ಕ್ಷಮಿಸುವುದು, ಮೂರೂ ಇವಳ ಕೈಯಲ್ಲೇ ಇವೆ. ಬಂದ ದಿನ ಎದೆ ಮುಟ್ಟಿಕೊಂಡು ಒಪ್ಪಿಕೊಂಡದ್ದು ಇದನ್ನೇ ಇರಬೇಕು. ಒಪ್ಪಿಕೊಂಡಳು, ಇಟ್ಟುಕೊಂಡಳು.

ಹಾಗೆ ಬರೆದ ಮೇಲೆ ನೆನಪಾಯಿತು, ಪಟ್ಟಿ ಇರುವುದು ನನ್ನ ಮೇಜಿನ ಮೇಲೆ.

ಹೋಗುವಾಗ ಹೇಳಿದಳು: "ಶುಕ್ರವಾರ ಸಂಸ್ಥೆಗೆ ಸಹಾಯ ಮಾಡೋರು ನೋಡೋಕೆ ಬರ್ತಿದಾರೆ. ನಿಮ್ಮ ತಂಗಿ ಕತೆ ಎರಡು ಮಾತು ಹೇಳ್ತೀರಾ? ನಿಮಗೆ ಕಷ್ಟ ಆದ್ರೆ ನಾನೇ ಹೇಳ್ತೀನಿ."

ಮಾರ್ಚ್ 28, ಶುಕ್ರವಾರ

ಗೋದಾಮಿನ ಒಳಕೋಣೆಯ ಗೋಡೆಗೆ ಬಿಳಿ ಬಣ್ಣ ಹೊಡೆದಿದ್ದರು. ಅದರ ಮೇಲೆ ಸಾಲಾಗಿ ಮೊಳೆ. ಮೊಳೆಯಿಂದ ನಮ್ಮ ಚೀಲಗಳು ನೇತಾಡುತ್ತಿದ್ದವು. ಒಗೆದು, ಇಸ್ತ್ರಿ ಮಾಡಿದ್ದರು. ಕೆಳಗೆ ಒಂದೊಂದು ಚೀಟಿ: 'ಕಾಯುವಿಕೆ', 'ತಾಳ್ಮೆ', 'ತಾಯಿಯ ಕೈ'. ಒಳ್ಳೆಯ ಉಡುಪು ತೊಟ್ಟ ಏಳೆಂಟು ಜನ ಕೈ ಹಿಂದೆ ಕಟ್ಟಿಕೊಂಡು ಓದುತ್ತಿದ್ದರು.

ನೀಲಿ ಚೀಲ ನಡುವೆ ಇತ್ತು. 'ಅಗಲಿದ ತಂಗಿಯ ಸರದಿ'.

ಹತ್ತಿರ ಹೋಗಿ ಮೂಸಿದೆ. ಅವಳ ಚೀಲಕ್ಕೆ ಆಸ್ಪತ್ರೆಯ ಸೋಪಿನ ವಾಸನೆ ಇತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ, ಅವಳಿಗೇ ಬೇಸರವಿತ್ತು. ಈಗ ಹೂವಿನ ವಾಸನೆ. ನೆರಿಗೆಯನ್ನೂ ಇಸ್ತ್ರಿ ಹಾಕಿ ಚಪ್ಪಟೆ ಮಾಡಿದ್ದರು.

ಮೊಳೆಯಿಂದ ತೆಗೆದುಬಿಟ್ಟೆ.

"ಅಕ್ಕ, ಒಂದು ನಿಮಿಷ," ಮೇಡಂ ಪಿಸುಗುಟ್ಟಿದಳು. "ಅವರು ಹೋಗ್ಲಿ, ಆಮೇಲೆ ತಗೊಳಿ."

"ಇದು ಸಾಲಲ್ಲಿ ನಿಲ್ಲೋ ಚೀಲ," ಎಂದೆ. "ಗೋಡೇಲಿ ನಿಲ್ಲೋದಲ್ಲ."

ನನ್ನ ದನಿ ಅಷ್ಟು ದೊಡ್ಡದಿದೆ ಅಂತ ನನಗೇ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೈಕಜ್ಜಿ, "ನಂದೂ ಇಳಿಸೇ ಮಗಳೇ, ಮೇಲಿನ ಸಾಲಲ್ಲಿದೆ, ಎಟಕಲ್ಲ ನನಗೆ!" ಎಂದು ಕೂಗಿದಳು. ಅಷ್ಟೇ. ಸಾಲಿನಲ್ಲಿದ್ದವರೆಲ್ಲ ಒಳಗೆ ನುಗ್ಗಿದರು. ಬಂದವರು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತರು. ಒಬ್ಬ ಹೆಂಗಸು ಗಾಬರಿಯಲ್ಲಿ ಯಾರದೋ ಚೀಲ ಇಳಿಸಿಕೊಟ್ಟಳು. ಹತ್ತು ನಿಮಿಷಕ್ಕೆ ಗೋಡೆಯಲ್ಲಿ ಮೊಳೆ ಮತ್ತು ಚೀಟಿ ಮಾತ್ರ.

ಮೇಡಂ ಗೋಡೆ ನೋಡುತ್ತ ನಿಂತಳು. ಈ ಸಲ ಕಣ್ಣು ತುಂಬಲಿಲ್ಲ. ಮುಖ ಕೆಂಪಗಾಗಿತ್ತು.

"ನನ್ನಿಂದ ತಪ್ಪಾಯ್ತು. ಏನು ಮಾಡ್ಲಿ ಹೇಳಿ, ಮಾಡ್ತೀನಿ," ಎಂದಳು.

"ಮೊದಲನೇ ದಿನಾನೇ ಹೇಳಿದ್ನಲ್ಲ ತಾಯಿ," ಎಂದಳು ಮೈಕಜ್ಜಿ. "ಆರು ಗಂಟೆ. ಕೊನೇಲಿ."

ನಾನು ಮೇಜಿಗೆ ಹೋಗಿ ಪಟ್ಟಿ ತೆರೆದೆ. ಹನ್ನೆರಡನೆಯ ಹೆಸರಿನ ಮೇಲೆ ಗೆರೆ ಎಳೆಯುವಾಗ ಪೆನ್ನು ಎರಡು ಸಲ ನಿಂತಿತು. ಶಾಯಿ ಮುಗಿದಿರಲಿಲ್ಲ. ಪಕ್ಕದಲ್ಲಿ ಹುಡುಗಿಯ ಹೆಸರು ಬರೆಯಬೇಕು. ಎರಡು ಸಲ ವಾಪಸು ಕಳಿಸಿದ್ದೆ, ಹೆಸರೇ ಕೇಳಿರಲಿಲ್ಲ. ಹೋಟೆಲಿನ ಹಿಂಬಾಗಿಲಿಗೆ ಹೋಗಿ ಕೇಳಿ ಬಂದೆ. ಸೋಪಿನ ಕೈ ಒರೆಸಿಕೊಳ್ಳದೆ, ಮುಖವೂ ಎತ್ತದೆ ಹೇಳಿದಳು.

ದಿಂಬು ಮನೆಗೆ ತಂದೆ.

ಏಪ್ರಿಲ್ 1, ಮಂಗಳವಾರ

ಪಟ್ಟಿಯನ್ನು ಇನ್ನು ಮೇಲೆ ವಾರಕ್ಕೊಬ್ಬರು ಹಿಡಿಯುವುದು ಎಂದಾಗಿದೆ. ಈ ವಾರ ಬೇರೆ ಯಾರೋ. ನಾನು ಹದಿಮೂರನೆಯ ಜಾಗದಲ್ಲಿ ನಿಂತೆ. ಹನ್ನೆರಡರಲ್ಲಿ ಮೊದಲಿನ ಹಾಗೆಯೇ ನೀಲಿ ಚೀಲ.

ಹುಡುಗಿಗೆ ಏಳಕ್ಕೆ ಹೋಟೆಲು. ಆರೂಕಾಲಿಗೆ ಬಂದು ಪ್ಲಾಸ್ಟಿಕ್ ಕವರು ಇಡಲು ನೋಡಿದಳು. ಗಾಳಿಗೆ ಹಾರಿತು.

"ಅದು ನಿಲ್ಲಲ್ಲ," ಎಂದೆ. "ನಿನ್ನ ಚೀಲ ಅಲ್ಲಿದೆ."

ನೀಲಿಯದನ್ನು ನೋಡಿದಳು. "ಅದು ಆ ಸತ್ತೋರದ್ದಲ್ವಾ?"

"ಹೂಂ. ನನ್ನ ತಂಗೀದು. ಒಳಗೆ ಬೀಗ ಇದೆ, ತೆಗೀಬೇಡ. ನೀನು ಕೆಲಸಕ್ಕೆ ಹೋಗು, ನಾನು ತಳ್ತೀನಿ."

ಥ್ಯಾಂಕ್ಸ್ ಅಂತೇನೂ ಹೇಳಲಿಲ್ಲ. ನಾನೂ ಕಾಯಲಿಲ್ಲ.

ಮೇಡಂ ಬಂದಿದ್ದಳು. ಆರು ಗಂಟೆಗೇ. ಕೊನೆಯಲ್ಲಿ ನಿಂತಿದ್ದಳು, ಅವಳ ಮುಂದೆ ಬಸ್ಸು ಗುಡಿಸುವವನ ಚೀಲ. ಸಾಲು ಸರಿದಾಗ ಬಗ್ಗಿ, ಎರಡೂ ಕೈಯಿಂದ ಎತ್ತಿ, ಮೆತ್ತಗೆ ಮುಂದಿಟ್ಟಳು.

"ಕಾಲಲ್ಲಿ ತಾಯಿ, ಕಾಲಲ್ಲಿ!" ಮೈಕಜ್ಜಿಯ ಕೂಗು. "ಅದೇನು ಕೂಸಾ, ತೊಟ್ಟಿಲಿಗೆ ಹಾಕೋ ಥರ ಇಡ್ತೀರಲ್ಲ! ಸಾಲು ಮುಗಿಯೋವರೆಗೆ ಹೀಗೆ ಬಗ್ಗಿದ್ರೆ ನಾಳೆ ನಿಮ್ಮನ್ನೇ ಹೊತ್ಕೊಂಡು ಬರ್ಬೇಕು!"

ಮೇಡಂ ಕಾಲು ಚಾಚಿ ತಳ್ಳಿದಳು. ಚೀಲ ಮಗುಚಿಬಿತ್ತು. ಸಾಲೆಲ್ಲ ನಕ್ಕಿತು. ನಾನು ನಗಲಿಲ್ಲ. ಅವಳು ನನಗೆ ಇವತ್ತಿಗೂ ಹಿಡಿಸುವುದಿಲ್ಲ. ಮತ್ತೆ ಸರಿಯಾಗಿ ನಿಲ್ಲಿಸಿ ಮತ್ತೆ ತಳ್ಳಿದಳು. ಮೂರನೆಯ ಸಲಕ್ಕೆ ಬಂತು. ಅಷ್ಟು ಬರೆದಿಡುತ್ತೇನೆ.

ನಾಲ್ಕೂವರೆಗೆ ಯಾರೋ ಬಾಗಿಲು ಬಡಿದರು. ಹುಡುಗಿ. ಎಡಗಡೆ ಸೊಂಟದಲ್ಲಿ ಕೂಸು, ಬಲಗಡೆ ನೀಲಿ ಚೀಲ.

"ಏನು ಚೀಲ ಹೊಲಿದೀರ ನೀವು? ಕೂಸು ಒಂದು ಕಡೆ, ಇದೊಂದು ಕಡೆ, ಹಿಡಿ ಇಷ್ಟುದ್ದ. ನೆಲಕ್ಕೆ ಉಜ್ಜಿ ಉಜ್ಜಿ ಹಾಲಿನ ಪ್ಯಾಕೆಟ್ ಒಡೀತು ನೋಡಿ."

ನಾಳೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

"ಒಳಗೆ ಬಾ," ಎಂದೆ. "ಕುರ್ಚಿ ಮೇಲೆ ಕೂತ್ಕೋ."

ಆಲೂಗಡ್ಡೆ, ಬ್ರೆಡ್ಡು ಎಲ್ಲ ತಂಗಿಯ ಬುಟ್ಟಿಗೆ ಸುರಿದೆ. ಬುಟ್ಟಿ ಭಾನುವಾರವೇ ತೊಳೆದಿಟ್ಟಿದ್ದೆ, ಯಾಕೋ. ಮಿಷನ್ನಿನ ಬಟ್ಟೆ ತೆಗೆದಾಗ ಧೂಳೆದ್ದು ಕೂಸು ಸೀನಿತು. ಬೆಲ್ಟು ಬಿಗಿಯಾಗಿತ್ತು, ಎಣ್ಣೆ ಬಿಡಬೇಕಾಯಿತು. ನೀಲಿ ದಾರ ಇವತ್ತೂ ಇಲ್ಲ. ಕೆಂಪಿನಲ್ಲೇ ಹೊಲಿದೆ.

ಕತ್ತರಿಸಿದ ತುಂಡನ್ನು ಬಿಸಾಡಲಿಲ್ಲ. ಕೂಸು ಕೈಯಲ್ಲಿ ಹಿಡಿದುಕೊಂಡು ಹೋಯಿತು.

ಏಪ್ರಿಲ್ 2, ಬುಧವಾರ

ಹೋಟೆಲ್ ಹುಡುಗಿ. ಚೀಲದ ಹಿಡಿ ಹದಿನಾಲ್ಕು ಇಂಚು ಇದ್ದದ್ದು ಒಂಬತ್ತು.

ಅವಳ ಕೂಸು. ಅಂಗಿ. ಎದೆ ಹತ್ತೊಂಬತ್ತು, ಉದ್ದ ಹನ್ನೆರಡು, ತೋಳು ಐದೂವರೆ. ಅಳತೆ ತೆಗೆಯುವಾಗ ಒದೆಯುತ್ತದೆ. ಬೆಳೆಯುವ ಮೈ, ಅಂಚಿನಲ್ಲಿ ಒಂದಿಂಚು ಮಡಿಚಿ ಬಿಡಬೇಕು.

ಶುಕ್ರವಾರಕ್ಕೆ.